ಅಮಾವಾಸ್ಯೆಯ ಸೊನ್ನೆಗಳು

ಗೋರೆಗಾಂವ್
೧೬-೧೧-೧೯೮೯, ಗುರುವಾರ

ಚಿ. ನಾಣಿಗೆ ನಿನ್ನ ಪುಟ್ಟತ್ತೆಯ ಆಶೀರ್ವಾದಗಳು.

ಮೊದಲ ಸಾಲಿಗೆ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ನಮ್ಮ ಕಡೆಯ ಪದ್ಧತಿ. ಈ ಸಲ ಕೈ ಏಳಲಿಲ್ಲ. ವನಮಾಲಾ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ನಾನು ನಿನಗೆ ಬರೆಯುತ್ತಿರುವುದು ಅವಳಿಗೆ ತಿಳಿಯದು. ನೀನು ಹಡಗಿನ ಕೆಲಸದ ಮೇಲಿನ ದರ್ಜೆಯ ಪರೀಕ್ಷೆಗೆ ಓದಲು ದಾದರಿನಲ್ಲಿ ರೂಮು ಹಿಡಿದಿರುವೆ ಎಂದು ನಮ್ಮ ಬಿಲ್ಡಿಂಗಿನ ಕಾಂತಪ್ಪನವರು ಹೇಳಿದರು. ಈ ಕಾಗದ ತರುವವರೂ ಅವರೇ. ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಆದರೂ ನೀನು ಆರು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ. ಅಳಿಯನಾಗಿ ಬರಬೇಡ, ನನ್ನ ಅಣ್ಣನ ಮಗನಾಗಿ ಬರಲು ಏನಾಯಿತು?

ಇರಲಿ, ವಿಷಯವನ್ನು ಬುಡದಿಂದ ಹೇಳುತ್ತೇನೆ.

ವನ ಎರಡು ವರ್ಷದಿಂದ ಇನ್‌ಸ್ಟಿಟ್ಯೂಟಿನ ಕಂಪ್ಯೂಟರಿನೊಳಗೆ ಒಂದು ಸಮುದ್ರ ಮಾಡಿಕೊಂಡು ಕೂತಿದ್ದಾಳಲ್ಲ, ಅದರ ಮೇಲೆ ತೀರ ತಗ್ಗಿನಲ್ಲಿ ಹಾಸಿಕೊಳ್ಳುವ ಮೋಡಗಳ ದಿನಚರಿಯೇ ಅವಳ ಥೀಸಿಸ್. ನನಗೆ ತಿಳಿದ ಮಟ್ಟಿಗೆ ಆ ಮೋಡ ಹೆಪ್ಪು ಹಾಕಿದ ಹಾಲಿನಂತೆ. ಬಿಸಿಲಿಲ್ಲದ ಹೊತ್ತಿನಲ್ಲಿ ಅದರ ನೆತ್ತಿ ತಣ್ಣಗಾಗಿ, ಸಮುದ್ರದ ತೇವ ಎಳೆದುಕೊಂಡು, ಬೆಳಗಿನ ಜಾವಕ್ಕೆ ಗಟ್ಟಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ತೆಳ್ಳಗಾಗಿ ಹರಿದುಹೋಗುತ್ತದೆ. ಹೀಗೆಂದಾಗ ಅವಳು, ಅಮ್ಮ, ನಮ್ಮ ಸರ್‌ಗಿಂತ ನೀನೇ ಚೆನ್ನಾಗಿ ಹೇಳ್ತೀಯ ಬಿಡು ಎಂದು ನಕ್ಕಿದ್ದಳು. ಆಮೇಲೆ ನಕ್ಕದ್ದನ್ನು ನಾನು ಕಾಣೆ.

ಯಾಕೆಂದರೆ ಹಡಗಿನವರು ಬರೆದಿಟ್ಟ ಹವಾಮಾನದ ಪುಸ್ತಕಗಳ ಜೆರಾಕ್ಸ್ ಬಂತು. ಆಕಾಶವನ್ನು ಎಂಟು ಪಾಲು ಮಾಡಿ, ಮೋಡ ಎಷ್ಟು ಪಾಲು ಎಂದು ನೀವು ಬರೆಯುವುದುಂಟಲ್ಲ, ಅದು. ಅದರಲ್ಲಿ ನೋಡಿದರೆ ಹಗಲಿಗಿಂತ ರಾತ್ರಿಯೇ ಮೋಡ ಕಡಿಮೆ. ವನಳ ಲೆಕ್ಕಕ್ಕೆ ಪೂರ್ತಿ ತಿರುವುಮುರುವು. ಅವಳ ಗೈಡು ಸತ್ಯಮೂರ್ತಿಯವರು, ಸಮುದ್ರವನ್ನು ತಿದ್ದೋಕಾಗಲ್ಲ ವನಮಾಲಾ, ನಿಮ್ಮ ಮಾಡೆಲನ್ನೇ ತಿದ್ದಿ ಎಂದರಂತೆ. ಬರುವ ಸೋಮವಾರ ಎಲ್ಲರೆದುರು ಸೆಮಿನಾರು. ಅಷ್ಟರೊಳಗೆ ಅವಳ ಮೋಡಗಳು ರಾತ್ರಿ ಕರಗದಿದ್ದರೆ ಥೀಸಿಸ್ ಮುಂದಕ್ಕೆ ಹೋಗುವುದಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಿ ಹುಡುಕಿ ಹುಡುಗಿ ಕಡ್ಡಿಯಾಗಿದ್ದಾಳೆ. ಅಂಚಿನಲ್ಲಿ ತೂತಿರುವ ಆ ಕಂಪ್ಯೂಟರಿನ ಅಗಲದ ಕಾಗದ ಮನೆ ತುಂಬ ಬಿದ್ದಿದೆ. ನಾನು ಡಬ್ಬಿಗಳ ಕೆಳಗೆ ಹಾಸಿ ಹಾಸಿ ಸಾಕಾಯಿತು.

ಹೋದ ಸೋಮವಾರ ಅವಳು ಊಟದ ಮುಂದೆ ಕೂತು ರಾತ್ರಿಯ ಮೋಡಕ್ಕೆ ಸೊನ್ನೆ ಬಿದ್ದ ತಾರೀಖುಗಳನ್ನು ಒಂದೊಂದಾಗಿ ಓದಿಕೊಳ್ಳುತ್ತಿದ್ದಳು. ನನ್ನ ಕಿವಿ ಎಚ್ಚೆತ್ತಿತು. ಒಂದು ಮಹಾಲಯ ಅಮಾವಾಸ್ಯೆ. ಇನ್ನೊಂದು ದೀಪಾವಳಿಯದು. ಮತ್ತೊಂದು ಯುಗಾದಿಯ ಹಿಂದಿನ ರಾತ್ರಿ. ಹೋಳಿ ಹುಣ್ಣಿಮೆಗೆ ಎಷ್ಟು ಬರೆದಿದ್ದಾರೆ ನೋಡೇ ಎಂದೆ. ಏಳು ಎಂದಳು. ಅಲ್ಲವೇ ವನ, ಮೋಡಗಳಿಗೂ ತಿಥಿ ಉಂಟೇನೇ ಎಂದೆ. ತುತ್ತು ತಟ್ಟೆಯಲ್ಲೇ ಬಿಟ್ಟು ಎದ್ದಳು. ನಾನು ಹಳೆಯ ಪಂಚಾಂಗ ಎಸೆಯುವವಳಲ್ಲ, ನಿನಗೇ ಗೊತ್ತು. ಅವನ್ನೆಲ್ಲ ಇಳಿಸಿಕೊಂಡು ವರ್ಷಕ್ರಮದಲ್ಲಿ ಕತ್ತಲ ರಾತ್ರಿ ಬೇರೆ, ಬೆಳದಿಂಗಳ ರಾತ್ರಿ ಬೇರೆ ಮಾಡುತ್ತಿದ್ದಾಳೆ. ಬೆಳದಿಂಗಳ ರಾತ್ರಿಗಳು ಅವಳ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿವೆಯಂತೆ.

ಸತ್ಯಮೂರ್ತಿಯವರಿಗೆ ಹೇಳಿದರೆ, ಪಂಚಾಂಗ ಇಟ್ಟುಕೊಂಡು ಸೆಮಿನಾರ್ ಕೊಡ್ತೀರಾ, ದಕ್ಷಿಣೆ ಎಷ್ಟು ಎಂದು ಕೇಳಿದರಂತೆ. ಕತ್ತಲಲ್ಲಿ ಕಣ್ಣಿಗೆ ಕಾಣದ ಮೋಡವನ್ನು ಸೊನ್ನೆ ಎಂದು ಬರೆಯುತ್ತಾರೆಂದು ಹಡಗಿನ ಡೆಕ್ಕಿನ ಮೇಲೆ ನಿಂತವನು ಹೇಳಲಿ, ಆಗ ನಂಬುತ್ತೇನೆ ಎಂದರಂತೆ.

ನಾಣಿ, ಆ ಜೆರಾಕ್ಸಿನ ಕಟ್ಟಿನಲ್ಲಿ ನೀನು ಬರೆದ ಪುಟಗಳೂ ಇವೆ. ಏಳರ ಹೊಟ್ಟೆಗೆ ಅಡ್ಡಗೆರೆ ಎಳೆಯುವವನು ನಮ್ಮ ವಂಶದಲ್ಲೇ ನೀನೊಬ್ಬ. ವನ ಆ ಪುಟಗಳನ್ನು ನಿಲ್ಲದೆ ಮಗುಚುತ್ತಾಳೆ. ನಿನ್ನ ಕೈಯಲ್ಲೂ ಅಮಾವಾಸ್ಯೆಗಳಿಗೆ ಸೊನ್ನೆ ಬಿದ್ದಿದೆ. ಆ ಕತ್ತಲಲ್ಲಿ ನಿನಗೆ ನಿಜವಾಗಿ ಏನು ಕಂಡಿತ್ತು? ಪರೀಕ್ಷೆಯ ಹೊತ್ತಿನಲ್ಲಿ ಇದನ್ನು ಒಪ್ಪಿಕೊಂಡರೆ ನಿನಗೆ ತೊಂದರೆಯಾದೀತು ಎಂಬ ಅಂಜಿಕೆ ನನಗೂ ಇದೆ. ಅವಳಂತೂ ನಿನ್ನನ್ನು ಕೇಳುವುದಿಲ್ಲ. ಮೇ ತಿಂಗಳಲ್ಲಿ ಈ ಮನೆಯ ಹಜಾರದಲ್ಲಿ ನಿಂತು, ನಮ್ಮ ಮಗು ಹೋದ ಸುದ್ದಿಯ ತಂತಿ ನನಗೆ ಬರಲೇ ಇಲ್ಲ ಎಂದು ನೀನು ಹೇಳಿದೆ. ಅಮ್ಮ ತಾನೇ ಹೋಗಿ ಕೊಟ್ಟು ಬಂದಿದ್ದಾಳೆ, ಸುಳ್ಳು ಹೇಳಬೇಡ ಎಂದು ಅವಳು ಬಾಗಿಲು ತೋರಿಸಿದಳು. ನಾನು ಅಕ್ಕಿ ಆರಿಸುತ್ತ ತಲೆ ಎತ್ತದೆ ಕೂತಿದ್ದೆ.

ಭಾನುವಾರ ಬಾ. ಇಲ್ಲವೇ ಸತ್ಯಮೂರ್ತಿಯವರ ಹೆಸರಿಗೆ ನಾಲ್ಕು ಸಾಲು ಬರೆದು ಕಾಂತಪ್ಪನವರ ಕೈಗೆ ಕೊಡು. ಬಂದರೆ ಒಳ್ಳೆಯದು. ಹುಳಿಯವಲಕ್ಕಿ ಮಾಡಿರುತ್ತೇನೆ.

ಇತಿ ನಿನ್ನ
ಪುಟ್ಟತ್ತೆ (ಪುಟ್ಟಲಕ್ಷ್ಮಿ)

ತಾ.ಕ.: ಹೋದ ಮಾಘದಲ್ಲಿ ವನ ಆಸ್ಪತ್ರೆಯ ಮಂಚದಿಂದ ನಾಣಿಗೆ ತಂತಿ ಕೊಡಮ್ಮ ಎಂದಳು. ಪೋಸ್ಟಾಫೀಸಿಗೆ ಹೋಗಿ ಫಾರಂ ತುಂಬಿ ಕ್ಯೂನಲ್ಲಿ ನಿಂತೆ. ನನ್ನ ಸರದಿ ಬಂದಾಗ, ಈ ಹುಡುಗ ನಡುನೀರಿನಲ್ಲಿ ಒಬ್ಬನೇ ಅಳಬೇಕಲ್ಲ ಎನಿಸಿ ಹಿಂದಕ್ಕೆ ಬಂದುಬಿಟ್ಟೆ. ಅವಳಿಗೆ ಕೊಟ್ಟಾಯಿತು ಎಂದೆ. ಆ ಫಾರಂ ವಿಭವ ಸಂವತ್ಸರದ ಪಂಚಾಂಗದಲ್ಲಿ, ಮಾಘದ ಪುಟದಲ್ಲಿ ಮಡಿಸಿಟ್ಟಿದ್ದೇನೆ. ಈ ಹೊತ್ತು ವನ ವಿಭವದ ಕಾರ್ತಿಕ ಮುಗಿಸಿದಳು, ಮಾಘಕ್ಕೆ ಇನ್ನೆರಡೇ ತಿಂಗಳ ಪುಟ. ಅವಳು ನೀರು ಕುಡಿಯಲು ಎದ್ದಾಗ ಎರಡು ಸಲ ಪಂಚಾಂಗದವರೆಗೆ ನನ್ನ ಕೈ ಹೋಯಿತು. ತೆಗೆಯಲಿಲ್ಲ.