ಸೊಸೆ ಅಳೆದು ತಂದ ಪಂಪು

ಮೇ ೧೪, ಮಂಗಳವಾರ

ಇವತ್ತು ಸೊಸೆಯ ಎದುರು ಸೋತಿದ್ದೇನೆ. ಸೋತದ್ದಕ್ಕೆ ಬೇಸರವಿಲ್ಲ, ಅದನ್ನು ಅವಳಿಗೆ ಹೇಳಬೇಕಲ್ಲ, ಅದೇ ಕೊರೆಯುತ್ತಿದೆ.

ಮೂರನೇ ಮಹಡಿಯ ಕೋಣೆಯಲ್ಲಿ ಯಜಮಾನರು ಸೆಕೆಗೆ ನಿದ್ದೆಗೆಟ್ಟು ತಿಂಗಳಾಗಿತ್ತು. ತಣ್ಣೀರು ಚಾವಣಿಯ ಪೈಪುಗಳಲ್ಲಿ ಸುತ್ತಿ ಮತ್ತೆ ಕೆಳಗಿನ ನೀರು ತಣಿಸುವ ಯಂತ್ರಕ್ಕೇ ಮರಳುವ ವ್ಯವಸ್ಥೆ ಮಾಡಿಸಿದೆವು. ಅದಕ್ಕೆ ಸೊಸೆ ತಂದ ಪಂಪು ಅಂಗೈಯಗಲ.

"ಇದು ಪಂಪೋ, ಆಟದ ಸಾಮಾನೋ? ಮೂರು ಮಹಡಿ ಹತ್ತಿಸಬೇಕು ಕಣೇ!" ಎಂದು ಬೆಳಿಗ್ಗೆ ಪ್ಲಂಬರ್ ಎದುರೇ ಗದರಿದೆ. "ಅಮ್ಮ ಹೇಳೋದೇ ಸರಿ" ಎಂದು ಅವನೂ ಒಗ್ಗರಣೆ ಹಾಕಿದ.

ಅವಳು ಜಗ್ಗಲಿಲ್ಲ. "ಅತ್ತೆ, ಇದು ಟ್ಯಾಂಕ್ ತುಂಬೋ ಪಂಪಲ್ಲ. ಇಳಿಯೋ ನೀರಿನ ಭಾರವೇ ಹತ್ತೋ ನೀರನ್ನ ಎತ್ತುತ್ತೆ, ತಕ್ಕಡಿ ಥರ. ಎತ್ತರ ಲೆಕ್ಕಕ್ಕಿಲ್ಲ. ಪೈಪಿನ ಉದ್ದ, ತಿರುವು ನೀರನ್ನ ತಡೆಯುತ್ತಲ್ಲ, ಅಷ್ಟೇ ಲೆಕ್ಕ. ಅಳೆದೇ ತಂದಿದೀನಿ."

"ನಿಮ್ಮ ಮಾವ ಇವತ್ತೂ ಬೆವರಲಿ, ಆಮೇಲಿದೆ ನಿನಗೆ!"

ಸಂಜೆ ಪಂಪು ಓಡಿತು. ಒಂಬತ್ತಕ್ಕೆ ಯಜಮಾನರು, "ಹೊದಿಕೆ ಕೊಡೇ, ಚಳಿ" ಎಂದರು. ಈಗ ಗೊರಕೆ. ಇಷ್ಟು ಹಿತವಾದ ಸದ್ದು ಕೇಳಿ ಎಷ್ಟು ದಿನವಾಗಿತ್ತು!

ಸೊಸೆಯ ಬಾಗಿಲ ತನಕ ಹೋಗಿ ಹಿಂತಿರುಗಿದೆ. ಗುಟ್ಟಾಗಿ ಹೇಳಿ ಮುಗಿಸುವ ಜಾಯಮಾನ ನನ್ನದಲ್ಲ. ಗದರಿದ್ದು ಪ್ಲಂಬರ್ ಎದುರು. ತಪ್ಪು ನನ್ನದೆನ್ನುವುದೂ ನಾಳೆ ಅವನೆದುರೇ. ತಲೆ ಎತ್ತಿಕೊಂಡೇ ಹೇಳುತ್ತೇನೆ. ಅವಳು ನಕ್ಕರೆ ಮಾತ್ರ…