ಸುಕ್ಕಿಲ್ಲದ ಹಾಸಿಗೆಗಳನ್ನು ಮೆಚ್ಚಿಕೊಂಡ ತಪಾಸಣಾಧಿಕಾರಿಗಳಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ಇವತ್ತು ನನ್ನ ಉಪವಾಸ. ನೀರು ತುಂಬಿ, ಬಟ್ಟೆ ಒಗೆದು ಹರವಿ, ಪ್ರಾರ್ಥನೆ ಮುಗಿಸಿ ಬರೆಯಲು ಕೂತಿದ್ದೇನೆ. ಉಪವಾಸದ ದಿನ ನಾಲಿಗೆಯನ್ನೂ ಬಿಗಿಹಿಡಿಯಬೇಕೆಂದು ಹಿರಿಯರು ಕಲಿಸಿದ್ದಾರೆ, ಹಾಗಾಗಿ ಬೈಗುಳ ಬರೆಯುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ. ನೀವು ವೃದ್ಧಾಶ್ರಮದ ತಪಾಸಣೆಗೆ ಬರುವ ದಿನ ಅಲ್ಲಿರುವವರು ತಮ್ಮ ಹಾಸಿಗೆಯ ಮೇಲೆ ಮಲಗುವಂತಿಲ್ಲ. ಇದು ನಿಮಗೆ ಗೊತ್ತಿಲ್ಲವೋ, ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದೀರೋ, ಅದೇ ನನ್ನ ಅನುಮಾನ.

ಅಲ್ಲಿರುವುದು ನನ್ನ ಚಿಕ್ಕಮ್ಮ. ಹೆತ್ತವಳು ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಸೊಂಟದ ಮೂಳೆ ಮುರಿದ ಮೇಲೆ ನಮ್ಮ ಮನೆಯ ಕಡಿದಾದ ಮೆಟ್ಟಿಲು ಅವಳಿಗೆ ಆಗಲಿಲ್ಲ. ಹೊತ್ತುಕೊಂಡು ಹತ್ತಿಸುತ್ತೇವೆ ಅಂದರೆ, "ಹೊತ್ತು ಹತ್ತಿಸಿ ಇಳಿಸೋಕೆ ನಾನೇನು ನೀರಿನ ಕೊಡಾನಾ?" ಎಂದು ತಾನೇ ಹಟ ಹಿಡಿದು ಆಶ್ರಮ ಸೇರಿದಳು. ಮಲಗಿ ಮಲಗಿ ಈಗ ಬೆನ್ನಿನ ಬುಡದಲ್ಲಿ ಹುಣ್ಣಾಗಿದೆ. ಆಗಾಗ ಮಗ್ಗುಲು ಬದಲಿಸಿ ಮಲಗಿಸಬೇಕು, ಬಹಳ ಹೊತ್ತು ಕೂರಿಸಬಾರದು ಎಂದು ವೈದ್ಯರು ನನ್ನ ಎದುರೇ ಹೇಳಿದ್ದರು.

ಕಳೆದ ಸಲ ನೀವು ಬಂದ ದಿನ ನಾನೂ ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಗೇಟು ದಾಟುವಾಗಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಕೋಣೆಯಲ್ಲಿ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ಮೇಲೆ ತಲೆ ಬಾಚಿ ಕೂರಿಸಿದ ಮುದುಕಿಯರು. ಮಂಚಗಳ ಮೇಲೆ ಮಡಿಕೆಯ ಗೆರೆ ಕೂಡ ಮಾಸದ ಬಿಳಿ ಹಾಸು. ಚೀಲ ಕೆಳಗಿಟ್ಟು ಚಿಕ್ಕಮ್ಮನ ಮಂಚದ ಮೇಲೆ ಕೂತೆ, ಅಷ್ಟೇ.

"ಏಳೇ, ಏಳೇ! ಅದು ಸಾಹೇಬ್ರಿಗೆ ಹಾಸಿರೋದು ಕಣೇ" ಎಂದಳು ಚಿಕ್ಕಮ್ಮ.

ಪಕ್ಕದ ಮಂಚದವರು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು, ಎಲ್ಲರಿಗೂ ಟೀಚರಮ್ಮ. ಅವರು ಕುರ್ಚಿಯಲ್ಲೇ ನಕ್ಕರು: "ಹೋದ ಸಲಾನೂ ಹಿಂಗೇ ಹಾಸಿದ್ರು. ಪಾಪ, ಸಾಹೇಬ್ರು ಮಲಗದೇನೇ ಹೋದ್ರು."

ಅಷ್ಟರಲ್ಲಿ ಮೇಲ್ವಿಚಾರಕಿ ಬಂದು, ನಾನು ಕೂತಿದ್ದ ಜಾಗವನ್ನು ಅಂಗೈಯಿಂದ ಎಳೆದೆಳೆದು ಸರಿಮಾಡಿದರು. ಚಿಕ್ಕಮ್ಮನಿಗೆ ನೋವು, ಸ್ವಲ್ಪ ಮಲಗಿಸಿ ಎಂದು ಕೇಳಿಕೊಂಡೆ. "ಇನ್ನೊಂದು ಚೂರು ತಡ್ಕೊಳ್ಳಲಿ ಅಮ್ಮ. ಸಾಹೇಬ್ರು ಬಂದು ಹೋಗ್ಲಿ" ಎಂದರು. ಬೆಳಗಿನ ತಿಂಡಿಗೆ ಮುಂಚೆ ಎಬ್ಬಿಸಿದವರನ್ನು ನೀವು ಬರುವ ತನಕ, ಅಂದರೆ ಮಧ್ಯಾಹ್ನದ ಊಟದ ಹೊತ್ತು ಮೀರುವ ತನಕ, ಹಾಗೇ ಕೂರಿಸಿದ್ದರು. ಚಿಕ್ಕಮ್ಮ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿದ್ದಳು. ಹುಣ್ಣಿನ ಮೇಲೆ ಕೂತು ನೋಡಿದವರಿಗೆ ಗೊತ್ತು, ಆ ವಾಲಾಟ ಏಕೆಂದು.

ನೀವು ಬಂದಿರಿ. ಹಾಸಿಗೆಗಳನ್ನು ನೋಡಿ ತಲೆದೂಗಿದಿರಿ. "ಮನೇಲೂ ಇಷ್ಟು ಅಚ್ಚುಕಟ್ಟಾಗಿ ಇರೋದಿಲ್ಲ" ಎಂದಿರಿ. ಸ್ವಾಮಿ, ಮನೆಯಲ್ಲಿ ಜನ ಮಲಗುತ್ತಾರೆ! ಎದ್ದು ಓಡಾಡಲಾಗದ ಇಷ್ಟು ಜನ ಇರುವ ಕೋಣೆಯಲ್ಲಿ ನಡುಹಗಲು ಒಂದು ಹಾಸಿಗೆಯಾದರೂ ಕೆದರಿರಬೇಡವೇ? ಊಟದ ಹೊತ್ತಿನಲ್ಲಿ ಅಡುಗೆಮನೆಯ ಒಲೆ ತಣ್ಣಗಿದ್ದರೆ ಮೆಚ್ಚಿಕೊಳ್ಳುತ್ತೀರೋ, ಜನ ಏನು ತಿಂದರು ಎಂದು ಕೇಳುತ್ತೀರೋ?

ಆಮೇಲೆ ಚಿಕ್ಕಮ್ಮನ ಮುಂದೆ ನಿಂತು, "ಅಜ್ಜಿ, ಚೆನ್ನಾಗಿದೀರಾ?" ಎಂದಿರಿ. ಮೇಲ್ವಿಚಾರಕಿಯ ಕೈ ಅವಳ ಕುರ್ಚಿಯ ಬೆನ್ನಿನ ಮೇಲಿತ್ತು. ಚಿಕ್ಕಮ್ಮ, "ಹೂಂ ಕಣಪ್ಪಾ. ನನಗಿಂತ ನನ್ನ ಹಾಸಿಗೆ ಇನ್ನೂ ಚೆನ್ನಾಗಿದೆ" ಎಂದಳು. ನೀವು ನಕ್ಕು ಮುಂದಕ್ಕೆ ಹೋದಿರಿ. ಹಿಂದೆಯೇ ಬಂದು ಹುಣ್ಣಿನ ವಿಷಯ ಎತ್ತಿದ ನನಗೆ, "ಬರೆದು ಕೊಡಿ" ಎಂದಿರಿ.

ಬರೆದು ಕೊಟ್ಟೆ. ಅದನ್ನು ನೀವು ಯಾರಿಗೆ ಕಳಿಸಿದಿರಿ? ಅದೇ ಆಶ್ರಮಕ್ಕೆ, ವಿವರಣೆ ಕೊಡಿ ಎಂದು! ಮುಂದಿನ ಸಲ ನಾನು ಹೋದಾಗ ಮೇಲ್ವಿಚಾರಕಿ ನನ್ನದೇ ಕಾಗದ ಕೈಯಲ್ಲಿ ಹಿಡಿದು, "ಇಲ್ಲಿ ಸರಿಹೋಗದಿದ್ರೆ ಬೇರೆ ಕಡೆ ನೋಡ್ಕೊಳ್ಳಿ ಅಮ್ಮ" ಎಂದರು. ಸ್ವಲ್ಪ ದಿನಕ್ಕೆ ನಿಮ್ಮ ಕಚೇರಿಯ ಉತ್ತರವೂ ಬಂತು: ಹಾಸಿಗೆಗಳು ಶುಚಿಯಾಗಿವೆ, ನಿವಾಸಿಗಳು ತೃಪ್ತರಾಗಿದ್ದಾರೆ. ನಾನು ಕೇಳಿದ್ದು ಬೆನ್ನಿನ ಬಗ್ಗೆ, ನೀವು ಹೇಳಿದ್ದು ಹಾಸಿಗೆಯ ಬಗ್ಗೆ. ನೀವು ಬರುವ ದಿನ ಅವರಿಗೆ ಮೊದಲೇ ಹೇಗೆ ತಿಳಿಯುತ್ತದೆ ಎಂದೂ ಕೇಳಿದ್ದೆ. ಅದಕ್ಕೆ ಉತ್ತರವೇ ಇಲ್ಲ. ಯಾರು ಹೇಳುತ್ತಾರೋ ನಾನು ಕಾಣೆ. ಯಾರೂ ಹೇಳುವುದಿಲ್ಲ ಎಂದು ನಂಬುವುದು ಮಾತ್ರ ನನ್ನಿಂದಾಗದು.

ಮತ್ತೆ ಬರೆಯುತ್ತೇನೆ ಅಂದಾಗ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. "ಬೇಡ ಮಗಳೇ. ನೀನು ಬರೆದು ಮನೆಗೆ ಹೋಗ್ತೀಯಾ. ನಾನು ಇಲ್ಲೇ ಇರ್ಬೇಕಲ್ಲ?" ಬರೆಯುವುದನ್ನು ಕೈಬಿಟ್ಟೆ. ಮೊನ್ನೆ ಅವಳನ್ನು ಮಗ್ಗುಲಾಗಿಸುವಾಗ ಪಟ್ಟಿ ಸರಿಯಿತು. ಹುಣ್ಣು ಅಗಲವಾಗಿದೆ, ಆಳವಾಗಿದೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಹಂಗಾದ್ರೆ ಬರಿ" ಎಂದಳು. "ಗುಟ್ಟಾಗಿ ಬರೀಬೇಡ. ಎಲ್ಲರೂ ಓದೋ ಹಾಗೆ ಬರಿ. ಊರೇ ನೋಡ್ತಿದ್ರೆ ನನ್ನ ಮೇಲೆ ರೇಗೋಕೆ ಇವ್ರು ಸ್ವಲ್ಪ ಹಿಂದೆಮುಂದೆ ನೋಡ್ತಾರೆ." ಆದ್ದರಿಂದ ಈ ಕಾಗದ ನಿಮ್ಮ ಕಚೇರಿಗಲ್ಲ, ಪತ್ರಿಕೆಗೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹೇಳದೆ ಕೇಳದೆ ಬನ್ನಿ. ಜನ ಮಲಗಿರುವಾಗ ಬನ್ನಿ. ಹಾಸಿಗೆ ನೋಡುವುದು ಬಿಟ್ಟು, ದಾದಿಯೊಬ್ಬಳಿಂದ ಅವರ ಬೆನ್ನು ನೋಡಿಸಿ. ದೂರು ಕೊಟ್ಟವರ ಮನೆಯವರನ್ನು ಹೊರಗೆ ಹಾಕುವಂತಿಲ್ಲವೆಂದು ಆಶ್ರಮಕ್ಕೆ ಆಜ್ಞೆ ಮಾಡಿ. ದೇವರು ಹೇಳಿ ಬರುವುದಿಲ್ಲ. ಅವನಿಗೆ ಹೊಸ ಹಾಸು ಹಾಸುವ ಕೆಲಸ ಯಾರಿಗೂ ಇಲ್ಲ. ನಿಮಗೆ ಆ ಮಟ್ಟದ ತಪಾಸಣೆ ಕಷ್ಟವಾದರೂ, ಒಂದು ದಿನ ಪ್ರಯತ್ನಿಸಬಹುದು.

ನನಗೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ನಿಮ್ಮ ಉತ್ತರ ಹೇಗಿರುತ್ತದೆಂದು ನೋಡಿಯಾಗಿದೆ. ಆದರೆ "ಚೆನ್ನಾಗಿದೀರಾ" ಎಂದು ನೀವು ಕೇಳಿದ್ದಕ್ಕೆ ಚಿಕ್ಕಮ್ಮನ ನಿಜವಾದ ಉತ್ತರ ಇನ್ನೂ ಬಾಕಿ ಇದೆ. ಅದನ್ನು ಅವಳು ಕುರ್ಚಿಯಲ್ಲಿ ಕೂತು ಹೇಳುವುದಿಲ್ಲ, ಕಾಗದದಲ್ಲಿ ಬರೆಸುವುದೂ ಇಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ತನ್ನ ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ಹೇಳುತ್ತಾಳೆ. ದಯವಿಟ್ಟು ಯಾರನ್ನಾದರೂ ಕಳಿಸಿ, ಆ ಉತ್ತರ ತರಿಸಿಕೊಳ್ಳಿ. ಬೇಗ ಕಳಿಸಿ.

ಇಂತಿ,
ಸಾಹೇಬರ ಹಾಸಿಗೆಯ ಮೇಲೆ ಕೂತು ಸುಕ್ಕು ಮಾಡಿದ ತಪ್ಪಿತಸ್ಥೆ