ಲೋಯ್ಜೆ ಬರೆದಿಟ್ಟ ಆವೃತ್ತಿ

ಮಾರಿಬೋರ್, ನವೆಂಬರ್ ೧೪

…“ಇದೇ ಆವೃತ್ತಿ ಇರಲಿ, ಒಂದಂಕಿ ಮೇಲೂ ಬೇಡ” ಅಂದಿದ್ದ ಲೋಯ್ಜೆ, ನಮ್ಮ ಮುದ್ರಣಾಲಯಕ್ಕೆ ಬ್ರೈಲ್ ಪ್ರೋಗ್ರಾಮ್ ಬರೆದುಕೊಟ್ಟಾಗ. ಕಾರಣವನ್ನೂ ಹೇಳಿದ್ದ; ನಾನು ಗಮನವಿಟ್ಟು ಕೇಳಲಿಲ್ಲ. ಅವನು ತೀರಿಕೊಂಡು ಏಳು ತಿಂಗಳಾಯಿತು.

ಇವತ್ತು ಮುದ್ರಣಾಲಯದ ಕಂಪ್ಯೂಟರುಗಳನ್ನು ಅಪ್‌ಗ್ರೇಡ್ ಮಾಡಹೋದರೆ, ಅವನ ಬ್ರೈಲ್ ಪ್ರೋಗ್ರಾಮನ್ನು ತೆಗೆದುಹಾಕದೆ ಮುಂದುವರಿಯಲಾಗದು ಎಂದಿತು, ತಂತ್ರಾಂಶಗಳನ್ನು ಕೂರಿಸುವ ಪ್ಯಾಕೇಜ್ ಮ್ಯಾನೇಜರ್. ಆ ಪ್ರೋಗ್ರಾಮು ತಾನು ನೆಚ್ಚಿಕೊಂಡ ಇನ್ನೊಂದು ತಂತ್ರಾಂಶದ ಹಳೆಯ ಆವೃತ್ತಿಯನ್ನೇ ಕೇಳುತ್ತದೆ. ಭದ್ರತೆಗೆ ಹೊಸದು ಬೇಕೇ ಬೇಕು.

“ಅದನ್ನ ತೆಗೆದ್ರೆ ನನ್ನ ಬೆರಳನ್ನೂ ತೆಗೆದುಬಿಡು” ಎಂದಳು ವಿದಾ. ಅವಳಿಗೆ ಕಣ್ಣಿಲ್ಲ, ಕರಡು ತಿದ್ದುವುದೆಲ್ಲ ಅದರಲ್ಲೇ.

ಕೊನೆಗೆ ಅವನ ಪ್ರೋಗ್ರಾಮಿನಲ್ಲಿ ‘ಇದೇ ಆವೃತ್ತಿ’ ಎಂದಿದ್ದನ್ನು ‘ಇದು ಅಥವಾ ಇದಕ್ಕಿಂತ ಹೊಸದು’ ಎಂದು ತಿದ್ದಿದೆ. ಎಲ್ಲವೂ ತಕರಾರಿಲ್ಲದೆ ಕೂತಿತು. ವಿದಾ ಚುಕ್ಕಿಗಳ ಮೇಲೆ ಬೆರಳಾಡಿಸಿದಳು.

“ಸರಿಯಾಗೇ ಇದೆ ಮಾರಾಯ. ನೀನ್ಯಾಕೆ ಉಸಿರು ಬಿಗಿಹಿಡಿದಿದ್ದೀಯ?”

ಓದಿದ್ದು ಮೂರೇ ಪುಟ. ನಾಳೆ ಅವಳ ಮುಂದೆ ಬರುವುದು ಔಷಧಿಗಳ ಪ್ರಮಾಣ ಹೇಳುವ ಪುಸ್ತಕ. ಲೋಯ್ಜೆ, ಹೊಸ ಆವೃತ್ತಿಯಲ್ಲಿ ಯಾವ ಅಂಕಿ ತಪ್ಪಾಗುತ್ತದೆ ಅಂದಿದ್ದೆ?